ಎರಡು ಸೆಕೆಂಡೋ, ಐದು ಸೆಕೆಂಡೋ? ಒಣಗಣ್ಣಿನ ಪರೀಕ್ಷೆಗೆ ಹೋಗಿ ಬಂದ ಲೆಕ್ಕ

ಮೊದಲನೇ ಚೀಟಿಯಲ್ಲಿ ಬರೆದದ್ದು: ಟಿಬಿಯುಟಿ (ಕಣ್ಣೀರಿನ ಪದರ ಒಡೆಯಲು ಹಿಡಿಯುವ ಸಮಯ), ಬಲಗಣ್ಣು 2 ಸೆಕೆಂಡು, ಎಡಗಣ್ಣು 3. ಹನ್ನೊಂದು ದಿನ ಕಳೆದು ಬರೆಸಿಕೊಂಡ ಎರಡನೇ ಚೀಟಿಯಲ್ಲಿ: ಬಲ 5, ಎಡ 6. ನಡುವೆ ಔಷಧಿ ಬದಲಾಗಿಲ್ಲ, ಉರಿಯೂ ಇಳಿದಿಲ್ಲ. ಬದಲಾದದ್ದು ಅಳತೆ ತೆಗೆದ ಕ್ರಮ ಮಾತ್ರ. ಕನ್ನಡಕದ ನಂಬರ್ ನೋಡುವ ಕೆಲಸದಲ್ಲಿದ್ದು, ಈ ಪರೀಕ್ಷೆಯ ಬಣ್ಣದ ಪಟ್ಟಿಯನ್ನು ಬೇರೆಯವರ ಕಣ್ಣಿಗೆ ಮುಟ್ಟಿಸುತ್ತಾ ಬಂದ ನನ್ನ ಗತಿಯೇ ಇದಾದರೆ, ಮೊದಲ ಸಲ ಹೋಗುವವರ ಪಾಡೇನು? ಅದಕ್ಕೇ ಈ ಲೆಕ್ಕ.

ಅಳೆಯುವುದು ಏನನ್ನು ಎಂಬುದು ಮೊದಲು. ರೆಪ್ಪೆ ಬಡಿದಾಗಲೆಲ್ಲ ಕಣ್ಣೀರು ಕರಿಗುಡ್ಡೆಯ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ದಪ್ಪ ಕೆಲವೇ ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣ. ಇದನ್ನು ಪದರ ಅನ್ನೋಣ. ಪೊರೆ ಅಂದರೆ ನಮ್ಮ ಕಡೆ ಆಪರೇಷನ್ ಮಾಡಿ ತೆಗೆಯುವ ಪೊರೆಯೇ ನೆನಪಿಗೆ ಬಂದು ಅರ್ಧ ಜನ ಹೆದರುತ್ತಾರೆ. ಪದರದ ತಳದಲ್ಲಿ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳಿಂದ. ಎಣ್ಣೆ ಕೆಟ್ಟರೆ ನೀರು ಬೇಗ ಆರುತ್ತದೆ, ಲೋಳೆ ಕೆಟ್ಟರೆ ನೀರು ಗುಡ್ಡೆಗೆ ಅಂಟುವುದೇ ಇಲ್ಲ. ಎರಡರಲ್ಲೂ ಪದರ ಅಲ್ಲಲ್ಲಿ ಒಡೆಯುತ್ತದೆ. ಕೊನೆಯ ಸಲ ರೆಪ್ಪೆ ಬಡಿದಲ್ಲಿಂದ ಮೊದಲ ಒಡಕು ಕಾಣುವವರೆಗಿನ ಸೆಕೆಂಡುಗಳೇ ಟಿಬಿಯುಟಿ.

10 ಸೆಕೆಂಡಿಗಿಂತ ಕಡಿಮೆ ಬಂದರೆ ಪದರ ನಿಲ್ಲುತ್ತಿಲ್ಲ ಎಂದು ಲೆಕ್ಕ. ಏಷ್ಯಾದ ಒಣಗಣ್ಣು ತಜ್ಞರು ಇನ್ನೂ ಬಿಗಿ: 5 ಅಥವಾ ಅದಕ್ಕಿಂತ ಕಡಿಮೆ, ಜೊತೆಗೆ ತೊಂದರೆಯೂ ಇರಬೇಕು. 2017ರ ಅಂತರರಾಷ್ಟ್ರೀಯ ತಜ್ಞರ ವರದಿ ಒಣಗಣ್ಣಿನ ವ್ಯಾಖ್ಯೆಯ ಒಳಗೇ ಈ ಅಸ್ಥಿರತೆಯನ್ನು ಸೇರಿಸಿತು. ಹಾಗಾಗಿ "ನನ್ನ ಕಣ್ಣಲ್ಲಿ ನೀರು ಸುರಿಯುತ್ತೆ, ಒಣಗಣ್ಣು ಹೇಗಾಗುತ್ತೆ?" ಎಂದು ಜಗಳ ಆಡಬೇಡಿ. ಪದರ ಒಡೆದಾಗ ಗುಡ್ಡೆ ಚುಚ್ಚುತ್ತದೆ, ಚುಚ್ಚಿದ್ದಕ್ಕೆ ನೀರು ಸುರಿಯುತ್ತದೆ. ಸುರಿದ ನೀರು ಕೆನ್ನೆಗೆ ಹೋಗುತ್ತದೆಯೇ ಹೊರತು ಗುಡ್ಡೆಯ ಮೇಲೆ ನಿಲ್ಲುವುದಿಲ್ಲ.

ಮೊದಲ ಭೇಟಿ ಇಲ್ಲೇ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ. ಬೆಳಿಗ್ಗೆ ಮನೆ ಬಿಡುವಾಗ ಕಣ್ಣು ಉರಿಯಿತೆಂದು ಹನಿ ಹಾಕಿಕೊಂಡು ಹೊರಟದ್ದು ನನ್ನ ತಪ್ಪು. ಅಲ್ಲಿ ಮೊದಲು ಕಣ್ಣಿನ ಒತ್ತಡ ನೋಡಿದರು. ಅದಕ್ಕೆ ಮರಗಟ್ಟಿಸುವ ಹನಿ ಹಾಕಿ, ಗುಡ್ಡೆಗೆ ಒಂದು ಸಣ್ಣ ತುದಿ ತಾಗಿಸುತ್ತಾರೆ. ಅದಾದ ಮೇಲೆ ಕಾಗದದ ಪಟ್ಟಿ ಇಟ್ಟು ಕಣ್ಣೀರು ಎಷ್ಟು ಬರುತ್ತದೆ ಎಂದು ನೋಡುವ ಶಿರ್ಮರ್ ಪರೀಕ್ಷೆ ಮಾಡಿದರು. ಎಲ್ಲ ಮುಗಿದು ಕಣ್ಣು ಕೆಂಪಾದ ಮೇಲೆ ಟಿಬಿಯುಟಿ, ಅದೂ ಒಂದೇ ಸಲ. ಮರಗಟ್ಟಿಸುವ ಹನಿ ಪದರವನ್ನು ಕದಡುತ್ತದೆ, ರೆಪ್ಪೆ ಬಡಿಯುವುದನ್ನೂ ಕಡಿಮೆ ಮಾಡುತ್ತದೆ. ಕಾಗದದ ಪಟ್ಟಿ ಕೆಣಕಿ ನೀರು ತರಿಸುತ್ತದೆ. ಇಷ್ಟೆಲ್ಲ ಆದ ಮೇಲೆ ಬಂದ 2 ಸೆಕೆಂಡು ನನ್ನ ಕಣ್ಣಿನದ್ದಲ್ಲ, ಆ ಬೆಳಗಿನದ್ದು. ಬಾಯಿಬಿಟ್ಟು ಹೇಳಬಹುದಿತ್ತು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಹೇಳಲಿಲ್ಲ.

ಸರಿಯಾದ ಕ್ರಮ ನೆನಪಿಡುವುದು ಸುಲಭ: ಕಣ್ಣನ್ನು ಮುಟ್ಟದ ಪರೀಕ್ಷೆ ಮೊದಲು, ಹೆಚ್ಚು ಕೆಣಕುವುದು ಕೊನೆಗೆ. ಮೊದಲು ಪ್ರಶ್ನೆಗಳು. ಆಮೇಲೆ ಉಂಗುರದ ಯಂತ್ರ (ಬೆಳಕಿನ ಉಂಗುರ ಬೀರಿ, ಮುಟ್ಟದೆ ಪದರ ನೋಡುವಂಥದ್ದು) ಇದ್ದರೆ ಅದು. ನಂತರ ಬಣ್ಣ ಹಚ್ಚಿ ಟಿಬಿಯುಟಿ, ಅದೇ ಬಣ್ಣದಲ್ಲಿ ಗುಡ್ಡೆಯ ಗಾಯದ ಚುಕ್ಕೆ ನೋಡುವುದು. ಕೊಂಚ ಬಿಟ್ಟು ಶಿರ್ಮರ್. ರೆಪ್ಪೆ ಒತ್ತಿ ಎಣ್ಣೆ ನೋಡುವುದು, ಒತ್ತಡ ನೋಡುವುದು, ಪಾಪೆ ಹಿಗ್ಗಿಸುವ ಹನಿ ಎಲ್ಲಕ್ಕಿಂತ ಕೊನೆಗೆ. ಒಳಗೆ ಕರೆದ ಕೂಡಲೇ ನರ್ಸ್ ಹನಿ ಬಾಟಲಿ ಹಿಡಿದು ಬಂದರೆ "ಅಕ್ಕಾ, ನಂದು ಒಣಗಣ್ಣಿನ ಪರೀಕ್ಷೆ ಇದೆ, ಹನಿ ಹಾಕುವ ಮುಂಚೆ ಒಮ್ಮೆ ಡಾಕ್ಟರನ್ನು ಕೇಳ್ತೀರಾ?" ಅಂದರೆ ಸಾಕು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡನೇ ಭೇಟಿ ಮೈಸೂರಿನಲ್ಲಿ. ಉಂಗುರದ ಯಂತ್ರ ಎಲ್ಲ ಕಡೆ ಇರುವುದಿಲ್ಲ, ಇದ್ದರೂ ಕೆಲವು ಕಡೆ ದಿನವೂ ಮಾಡುವುದಿಲ್ಲ. ಫೋನ್ ಮಾಡಿ ಕೇಳಿದ್ದು ಮೂರೇ ಮಾತು: ಯಂತ್ರ ಇದೆಯೇ, ಯಾವ ದಿನ ಮಾಡುತ್ತೀರಿ, ಬಿಲ್ ಒಂದು ಕಣ್ಣಿಗೋ ಎರಡಕ್ಕೋ. ಮೂರನೆಯದನ್ನು ಕೇಳದೆ ಹೋದವರು ಕೌಂಟರಿನಲ್ಲಿ ಮುಖ ಸಣ್ಣದು ಮಾಡಿಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಬಣ್ಣದ ಪಟ್ಟಿ, ಶಿರ್ಮರ್ ಕಾಗದ ಅಗ್ಗದ ಸಾಮಾನು, ಬಹಳ ಕಡೆ ನೋಡುವ ಫೀಸಿನಲ್ಲೇ ಸೇರಿರುತ್ತವೆ. ಯಂತ್ರದ ಪರೀಕ್ಷೆಗಳಿಗೆ ಬೇರೆ ಬಿಲ್. ಆಸ್ಪತ್ರೆಗೆ ಸೇರಿದರೆ ಮಾತ್ರ ಕೊಡುವ ವಿಮೆಗಳು ಇಂಥ ಹೊರರೋಗಿ ಪರೀಕ್ಷೆಗೆ ಬರುವುದಿಲ್ಲ. ನಮ್ಮ ಕೊಡಗು ಜಿಲ್ಲೆಗೆ ರೈಲಿಲ್ಲ, ಹೋಗಿ ಬರುವ ಬಸ್ಸು ಮತ್ತು ಒಂದು ದಿನದ ಕೆಲಸ ಲೆಕ್ಕ ಹಾಕಿದರೆ ಖರ್ಚಿನ ದೊಡ್ಡ ಪಾಲು ಅಲ್ಲೇ.

ತಯಾರಿ ಹಿಂದಿನ ದಿನದಿಂದಲೇ. ಲೆನ್ಸ್ ಹಾಕುವವರು ಹಾಕಬೇಡಿ. ಎಷ್ಟು ದಿನ ಮುಂಚೆ ಬಿಡಬೇಕೆಂದು ಫೋನಿನಲ್ಲೇ ಕೇಳಿ. ಕಣ್ಣಿನ ಸುತ್ತ ಕಾಡಿಗೆ, ಕ್ರೀಮು, ತಲೆಯ ಎಣ್ಣೆ ಇಳಿಯುವುದು, ಯಾವುದೂ ಬೇಡ. ಕಾಡಿಗೆಯ ಎಣ್ಣೆ ಪದರದಲ್ಲಿ ಸೇರಿದರೆ ಅಳತೆ ಹಾಳು. ಕಣ್ಣೀರಿನ ಬದಲಿ ಹನಿ ಪರೀಕ್ಷೆಗೆ ಕನಿಷ್ಠ 2 ಗಂಟೆ ಮುಂಚೆ ನಿಲ್ಲಬೇಕು, ದಪ್ಪ ಜೆಲ್ ಅಥವಾ ಮುಲಾಮು ಹಿಂದಿನ ರಾತ್ರಿಯೇ ಬೇಡ. ಗ್ಲಾಕೋಮಾದ ಹನಿ ಮಾತ್ರ ನೀವಾಗಿ ಬಿಡಬೇಡಿ, ಅದು ಬೇರೆ ಕಥೆ.

ಚೀಲದಲ್ಲಿ ಆಧಾರ್, ಹಳೆಯ ಚೀಟಿಗಳು, ಕನ್ನಡಕ, ಮತ್ತು ಈಗ ಹಾಕುತ್ತಿರುವ ಎಲ್ಲ ಹನಿಗಳ ಬಾಟಲಿ, ಖಾಲಿಯಾದದ್ದೂ. ಬಾಟಲಿ ಯಾಕೆಂದರೆ ಅದರ ಮೇಲೆ ಸಣ್ಣಕ್ಷರದಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂದಿದೆಯೇ ಅಂತ ನೋಡುತ್ತಾರೆ. ಹನಿ ಕೆಡದಂತೆ ಹಾಕುವ ಈ ವಸ್ತು ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ ಬಿದ್ದರೆ ಅದೇ ಕಣ್ಣನ್ನು ಒಣಗಿಸುತ್ತದೆ. ನುಂಗುವ ಮಾತ್ರೆಗಳ ಪಟ್ಟಿಯೂ ಇರಲಿ: ಶೀತ ಅಲರ್ಜಿಗೆ ಸಿಟ್ರಿಜಿನ್, ನಿದ್ದೆಗೆ ಅಥವಾ ನರನೋವಿಗೆ ಅಮಿಟ್ರಿಪ್ಟಿಲಿನ್, ಮೊಡವೆಗೆ ಐಸೊಟ್ರೆಟಿನೋಯಿನ್, ಇವೆಲ್ಲ ಕಣ್ಣು ಒಣಗಿಸುವ ಗುಂಪು. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಾಯಿ ಒಣಗುವುದು, ಗಂಟುನೋವು ಇದ್ದರೆ ಕೇಳುವ ಮುಂಚೆಯೇ ಹೇಳಿ. ಬಾಯಿ, ಕಣ್ಣು ಎರಡೂ ಒಣಗುತ್ತಿದ್ದರೆ ರಕ್ತಪರೀಕ್ಷೆ ಬೇಕಾಗಬಹುದು.

ಗೋಣಿಕೊಪ್ಪದಿಂದ ತಿತಿಮತಿ ದಾಟಿ ಹುಣಸೂರು ಮೇಲೆ ಮೈಸೂರಿಗೆ ಸುಮಾರು 90 ಕಿಲೋಮೀಟರ್. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡಿ. ಗಾಳಿ ಹೊಡೆದ ಕಣ್ಣನ್ನು ತಕ್ಷಣ ಅಳೆದರೆ ಬರುವುದು ಗಾಳಿಯ ಫಲಿತಾಂಶ. ಬೈಕಿನಲ್ಲಿ ಹೋಗುವವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ. ಅರ್ಧ ಗಂಟೆ ಮುಂಚೆ ತಲುಪಿ ಒಳಗೆ, ಫ್ಯಾನಿನ ನೇರ ಕೆಳಗಲ್ಲದ ಕುರ್ಚಿಯಲ್ಲಿ ಕೂರುವುದು ಒಳ್ಳೆಯದು. ಕಾಯುವ ಹೊತ್ತಿಗೆ ಫೋನ್ ಒತ್ತುತ್ತಾ ಕೂರಬೇಡಿ. ಎರಡೂವರೆ ಗಂಟೆ ಕಾಯಬೇಕಾಯಿತು, ಕಷ್ಟವೇ. ಆದರೂ ಬೇಡ.

ಮೊದಲು ಕೈಗೆ ಬಂದದ್ದು ಒಎಸ್‌ಡಿಐ ಎಂಬ 12 ಪ್ರಶ್ನೆಗಳ ಹಾಳೆ. ಕಳೆದ ಒಂದು ವಾರದಲ್ಲಿ ಬೆಳಕು ಚುಚ್ಚಿತೇ, ಮರಳು ಬಿದ್ದ ಹಾಗೆ ಆಯಿತೇ, ಓದುವಾಗ, ಟಿವಿ ನೋಡುವಾಗ, ರಾತ್ರಿ ಗಾಡಿ ಓಡಿಸುವಾಗ, ಗಾಳಿಯಲ್ಲಿ, ಎಸಿ ಇರುವಲ್ಲಿ ತೊಂದರೆಯಾಯಿತೇ ಎಂದು ಕೇಳಿ, ಪ್ರತಿಯೊಂದಕ್ಕೂ 0ರಿಂದ 4. ನಮ್ಮವರು ಎಡವುವುದು ಇಲ್ಲಿ. ರಾತ್ರಿ ಗಾಡಿ ಓಡಿಸದವರು ಆ ಸಾಲಿಗೆ 0 ಹಾಕಿಬಿಡುತ್ತಾರೆ. ಹಾಕಬಾರದು, 'ಅನ್ವಯಿಸುವುದಿಲ್ಲ' ಎಂದು ಗುರುತು ಮಾಡಬೇಕು. ಒಟ್ಟು ಅಂಕವನ್ನು 25ರಿಂದ ಗುಣಿಸಿ, ಉತ್ತರಿಸಿದ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಒಟ್ಟು 6 ಬಂದು 11 ಪ್ರಶ್ನೆಗೆ ಉತ್ತರಿಸಿದ್ದರೆ 13.6. ಬೇಡದ ಕಡೆ 0 ಹಾಕಿ 12 ಮಾಡಿದರೆ 12.5. ಗಡಿ ಇರುವುದು 13ರಲ್ಲಿ. ಒಂದು ಸೊನ್ನೆಗೆ ರೋಗಿ ಆರೋಗ್ಯವಂತರ ಸಾಲಿಗೆ ಹೋಗುತ್ತಾರೆ.

ಆಮೇಲೆ ಉಂಗುರದ ಯಂತ್ರ. ಬೋಗುಣಿಯ ಹಾಗಿರುವ ಮುಖದಲ್ಲಿ ಒಂದರೊಳಗೊಂದು ಉಂಗುರಗಳು ಬೆಳಗುತ್ತವೆ, ಅವುಗಳ ಪ್ರತಿಬಿಂಬ ನಿಮ್ಮ ಕಣ್ಣೀರಿನ ಪದರದ ಮೇಲೆ ಬೀಳುತ್ತದೆ. ಪದರ ನುಣುಪಾಗಿದ್ದಷ್ಟು ಹೊತ್ತು ಉಂಗುರ ಗುಂಡಗೆ, ಒಡೆದಲ್ಲಿ ಗೆರೆ ಸೊಟ್ಟಗೆ. ಕೆರೆಯಲ್ಲಿ ಬಿದ್ದ ನೆರಳು ಗಾಳಿಗೆ ಕದಡಿದ ಹಾಗೆ. ಕ್ಯಾಮೆರಾ ಇದನ್ನೆಲ್ಲ ಹಿಡಿದು ಮೊದಲ ಒಡಕಿನ ಸಮಯವನ್ನೂ ಸರಾಸರಿಯನ್ನೂ ಕೊಡುತ್ತದೆ. ಬಣ್ಣ ಇಲ್ಲ, ಮುಟ್ಟುವುದಿಲ್ಲ. ಬಣ್ಣ ಸೇರಿದರೆ ಪದರವೇ ಸ್ವಲ್ಪ ಕೆಡುವುದರಿಂದ, ಯಂತ್ರದ ಸಂಖ್ಯೆ ಸಾಮಾನ್ಯವಾಗಿ ಬಣ್ಣದ ಸಂಖ್ಯೆಗಿಂತ ಹೆಚ್ಚು ಇರುತ್ತದೆ. ಒಂದು ಸಲ ಯಂತ್ರದಲ್ಲಿ, ಮುಂದಿನ ಸಲ ಬಣ್ಣದಲ್ಲಿ ಅಳೆಸಿ ಕಣ್ಣು ಕೆಟ್ಟಿತು ಎಂದು ಗಾಬರಿಯಾಗಬೇಡಿ. ಯಂತ್ರವನ್ನು ದೇವರು ಅಂದುಕೊಳ್ಳುವುದೂ ಬೇಡ: ಜೋತುಬಿದ್ದ ರೆಪ್ಪೆಗೂದಲಿನ ನೆರಳನ್ನು, ತಲೆ ಅಲ್ಲಾಡಿದ್ದನ್ನು ಅದು ಒಡಕು ಎಂದೇ ಎಣಿಸಬಹುದು. ತಲೆ ಅಲ್ಲಾಡಿತು ಅನ್ನಿಸಿದರೆ ಇನ್ನೊಮ್ಮೆ ಮಾಡಿಸಿ ಎಂದು ಕೇಳಿ.

ಟಿಬಿಯುಟಿ ಮಾಡುವ ಕೋಣೆ ಅರೆಗತ್ತಲು. ಫ್ಯಾನ್ ಆರಿಸಿದರು, ಅಷ್ಟಕ್ಕೇ ನೆಮ್ಮದಿಯಾಯಿತು. ಫ್ಲೋರೆಸೀನ್ ಪಟ್ಟಿ ಅಂದರೆ ತುದಿಗೆ ಕಿತ್ತಳೆ ಬಣ್ಣ ಮೆತ್ತಿದ ಕಾಗದ. ಅದರ ಮೇಲೆ ಸಲೈನಿನ ಒಂದು ಹನಿ ಬಿಟ್ಟು, ಕೊಡವಿ, ಮಿಕ್ಕ ನೀರನ್ನು ಬೀಳಿಸಿದ ಮೇಲೆ ಮುಟ್ಟಿಸಬೇಕು. ಕೊಡವದೆ ಒದ್ದೆ ಒದ್ದೆಯಾಗಿ ಮುಟ್ಟಿಸಿದರೆ ಕಣ್ಣಿಗೆ ಹೊರಗಿನ ನೀರು ಸೇರಿ ಪದರ ದಪ್ಪವಾಗುತ್ತದೆ, ಸಮಯ ಸುಳ್ಳೇ ಹೆಚ್ಚುತ್ತದೆ. ನಿಮ್ಮನ್ನು ಮೇಲೆ ನೋಡಲು ಹೇಳಿ, ಕೆಳರೆಪ್ಪೆ ಇಳಿಸಿ, ಕಿವಿಯ ಕಡೆಯ ಮೂಲೆಯಲ್ಲಿ ಒಳಭಾಗಕ್ಕೆ ಮುಟ್ಟಿಸುತ್ತಾರೆ. ಕರಿಗುಡ್ಡೆಗೆ ತಾಗಬಾರದು. ತಣ್ಣಗೆ ಅನ್ನಿಸುತ್ತದೆ, ಅರೆಕ್ಷಣ ಚುರ್ ಅನ್ನುತ್ತದೆ, ಅಷ್ಟೇ.

"ಗದ್ದ ಇಡಿ, ಹಣೆ ಪಟ್ಟಿಗೆ ತಾಗಲಿ. ಮೂರು ಸಲ ರೆಪ್ಪೆ ಬಡೀರಿ, ಆರಾಮಾಗಿ. ಈಗ ತೆರೆದಿಟ್ಕೊಳ್ಳಿ, ನಾನು ಹೇಳೋವರೆಗೂ ಮುಚ್ಚಬೇಡಿ."

ಎದುರಿಗೆ ನೀಲಿ ಬೆಳಕು. ನೋಡುವವರಿಗೆ ನಿಮ್ಮ ಗುಡ್ಡೆ ಹಸಿರು ಹಳದಿಯಾಗಿ ಹೊಳೆಯುತ್ತದೆ, ಅದರಲ್ಲಿ ಒಂದು ಕಪ್ಪು ಚುಕ್ಕೆಯೋ ಗೆರೆಯೋ ಮೂಡಿದ ಗಳಿಗೆಗೆ ಗಡಿಯಾರ ನಿಲ್ಲಿಸುತ್ತಾರೆ. ನೋಡುವವರು ತಮ್ಮ ಕಣ್ಣಿನ ಮುಂದೆ ಹಳದಿ ಗಾಜು ಹಿಡಿದರೆ ಕಪ್ಪು ಇನ್ನೂ ಸ್ಪಷ್ಟ, ಅದಿಲ್ಲದೆ ಮಾಡಿದರೆ ಮೊದಲ ಚುಕ್ಕೆ ತಪ್ಪಿಹೋಗಿ ಎರಡನೆಯದಕ್ಕೆ ನಿಲ್ಲಿಸುವ ಸಾಧ್ಯತೆ ಇದೆ. ರೋಗಿಗಳು ಮಾಡುವ ತಪ್ಪು ಎರಡು. ಕಣ್ಣನ್ನು ಬಲವಂತವಾಗಿ ಅಗಲಿಸುವುದು ಒಂದು: ತೆರೆದ ಜಾಗ ಹೆಚ್ಚಾಗಿ ಪದರ ಬೇಗ ಒಡೆಯುತ್ತದೆ. ರೆಪ್ಪೆಯನ್ನು ಹಿಂಡಿ ಬಡಿಯುವುದು ಇನ್ನೊಂದು: ಗ್ರಂಥಿಯಿಂದ ಎಣ್ಣೆ ಹೆಚ್ಚು ಹೊರಬಂದು ಸಮಯ ಉದ್ದವಾಗುತ್ತದೆ. ದಿನವೂ ಹೇಗೆ ಬಡಿಯುತ್ತೀರೋ ಹಾಗೇ ಬಡಿಯಿರಿ.

ಬಲಗಣ್ಣಿಗೆ 4, 6, 5. ಎಡಗಣ್ಣಿಗೆ 7, 5, 6. ಒಂದೇ ಕಣ್ಣು, ಒಂದೇ ಕುರ್ಚಿ, ಒಂದು ನಿಮಿಷದೊಳಗೆ ಎರಡು ಸೆಕೆಂಡಿನ ವ್ಯತ್ಯಾಸ ನೋಡಿ. ಅದಕ್ಕೇ ಮೂರು ಸಲ ಅಳೆದು ಸರಾಸರಿ ತೆಗೆಯುವುದು. ಚೀಟಿಯಲ್ಲಿ ಒಂದೇ ಸಂಖ್ಯೆ ಇದ್ದರೆ ಅದು ಸರಾಸರಿಯೋ ಒಂದೇ ಅಳತೆಯೋ ಕೇಳಿ ತಿಳಿದುಕೊಳ್ಳಿ.

ಎಲ್ಲಿ ಒಡೆಯಿತು ಎಂದೂ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಸೆಕೆಂಡಿಗಿಂತ ಇದೇ ಹೆಚ್ಚು ಹೇಳುತ್ತದೆ. ಗುಡ್ಡೆಯ ಕೆಳಭಾಗದಲ್ಲೇ ಒಡೆಯುತ್ತಿದ್ದರೆ ಬಹುಶಃ ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲ. ಕಣ್ಣು ತೆರೆದ ಕೂಡಲೇ ಗುಂಡನೆಯ ಚುಕ್ಕೆಯಾಗಿ ಒಡೆದರೆ ಲೋಳೆಯ ಕಡೆ ಅನುಮಾನ. ದೊಡ್ಡ ಜಾಗವೇ ಬಣ್ಣ ಹರಡದೆ ಕಪ್ಪಾಗಿ ಉಳಿದರೆ ನೀರೇ ಕಡಿಮೆ. ಸ್ವಲ್ಪ ಹೊತ್ತು ಬಿಟ್ಟು ಅಲ್ಲೊಂದು ಇಲ್ಲೊಂದು ಒಡೆದರೆ ಎಣ್ಣೆಯ ದೋಷ. ಪ್ರತಿ ಸಲವೂ ಅದೇ ಒಂದು ಜಾಗದಲ್ಲಿ ಒಡೆಯುತ್ತಿದ್ದರೆ ಅದು ಕಣ್ಣೀರಿನ ತಪ್ಪಾಗಿರದೆ, ಅಲ್ಲಿನ ಮೇಲ್ಮೈಯೇ ಏರುಪೇರಾಗಿರಬಹುದು. ತೋಟದಲ್ಲಿ ಕಾಫಿ ರೆಕ್ಕೆ (ಗಿಡದ ಕೊಂಬೆ) ಹೊಡೆದ ಹಳೆಯ ಗಾಯ, ಬಿಸಿಲಲ್ಲಿ ದುಡಿದವರ ಕಣ್ಣಿನ ಮೂಲೆಯಲ್ಲಿ ಬೆಳೆಯುವ ಮಾಂಸ ಇಂಥವೆಲ್ಲ ಅಲ್ಲಿ ಸಿಕ್ಕಿಬೀಳುತ್ತವೆ.

5 ಸೆಕೆಂಡು ಅಂದರೆ ದಿನದಲ್ಲಿ ಏನು ಅರ್ಥ? ಒಂದು ಲೆಕ್ಕ ಮಾಡಿ. ಸುಮ್ಮನೆ ಮಾತಾಡುತ್ತಾ ಕೂತಾಗ ನಿಮಿಷಕ್ಕೆ 15 ಸಲ ರೆಪ್ಪೆ ಬಡಿದರೆ ಎರಡರ ನಡುವೆ 4 ಸೆಕೆಂಡು. ಪದರ 5 ಸೆಕೆಂಡು ನಿಲ್ಲುತ್ತದೆ, ಒಡೆಯುವ ಮುಂಚೆ ರೆಪ್ಪೆ ಬಂದು ಸರಿಮಾಡುತ್ತದೆ. ಫೋನ್ ಹಿಡಿದಾಗ ನಿಮಿಷಕ್ಕೆ 5 ಸಲಕ್ಕೆ ಇಳಿದರೆ ನಡುವೆ 12 ಸೆಕೆಂಡು, ಅದರಲ್ಲಿ 7 ಸೆಕೆಂಡು ಗುಡ್ಡೆ ಬತ್ತಲೆ. ಒಡೆಯುವ ಸಮಯವನ್ನು ರೆಪ್ಪೆಯ ಅಂತರದಿಂದ ಭಾಗಿಸಿದಾಗ 1ಕ್ಕಿಂತ ಕಡಿಮೆ ಬಂದರೆ ಕಣ್ಣಿಗೆ ರಕ್ಷಣೆ ಇಲ್ಲ ಎಂದರ್ಥ. ನಿಮ್ಮ ಕಣ್ಣಿನದ್ದನ್ನು ಮನೆಯವರಿಗೆ ಎಣಿಸಲು ಹೇಳಿ, ಆದರೆ ನಿಮಗೆ ಗೊತ್ತಾಗದ ಹಾಗೆ. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಎಲ್ಲರೂ ಪಟಪಟ ಬಡಿಯುತ್ತಾರೆ.

ಅದೇ ಬಣ್ಣ ಕಣ್ಣಲ್ಲಿರುವಾಗಲೇ ಗಾಯದ ಚುಕ್ಕೆ ಎಣಿಸುತ್ತಾರೆ. ಕರಿಗುಡ್ಡೆಯಲ್ಲಿ 5ಕ್ಕಿಂತ ಹೆಚ್ಚು ಇದ್ದರೆ ಅದು ಲೆಕ್ಕಕ್ಕೆ ಬರುತ್ತದೆ.

ಶಿರ್ಮರ್‌ಗೆ ಹತ್ತು ಹದಿನೈದು ನಿಮಿಷ ಬಿಟ್ಟು ಕೂರಿಸಿದರು. 5 ಮಿಲಿಮೀಟರ್ ಅಗಲ, 35 ಉದ್ದದ ಕಾಗದ, ತುದಿಯಲ್ಲಿ 5 ಮಿಲಿಮೀಟರ್ ಮಡಚಿ ಕೆಳರೆಪ್ಪೆಗೆ, ಕಿವಿಯ ಕಡೆಯ ಮೂರನೇ ಒಂದು ಭಾಗದಲ್ಲಿ ಸಿಕ್ಕಿಸುತ್ತಾರೆ. 5 ನಿಮಿಷ. ಇರುವ ಪರೀಕ್ಷೆಗಳಲ್ಲಿ ಕಿರಿಕಿರಿಯದ್ದು ಇದೇ, ನಿಮಿಷ ಮುಗಿಯುವುದೇ ಇಲ್ಲ. 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ನೀರಿನ ಭಾಗಕ್ಕೆ ದೊಡ್ಡ ಕೊರತೆ ಇಲ್ಲ, 5ಕ್ಕಿಂತ ಕಡಿಮೆಯಾದರೆ ಗಮನಿಸಬೇಕು. ನನಗೆ 14 ಬಂತು. ನೀರು ಸಾಕಷ್ಟಿದ್ದೂ ಪದರ 5 ಸೆಕೆಂಡಿಗೆ ಒಡೆಯುತ್ತಿದೆ ಎಂದರೆ ಕೈ ತೋರಿಸಬೇಕಾದದ್ದು ಎಣ್ಣೆಯ ಕಡೆಗೆ. ರೆಪ್ಪೆಯ ಅಂಚನ್ನು ಒತ್ತಿ ನೋಡಿದಾಗ ಅದೇ ಆಯಿತು. ಸರಿಯಿದ್ದ ಗ್ರಂಥಿಯಿಂದ ಕೊಬ್ಬರಿ ಎಣ್ಣೆಯ ಹಾಗೆ ತಿಳಿಯಾದದ್ದು ಜಿನುಗಬೇಕು. ಬಂದದ್ದು ನೂಪುಟ್ಟಿನ (ಒತ್ತು ಶಾವಿಗೆಯ) ಒರಳಿನಿಂದ ಇಳಿಯುವ ಎಳೆಯ ಹಾಗೆ ಬಿಳಿ, ಗಟ್ಟಿ.

ಇದಕ್ಕೆ ಹೇಳಿದ್ದು ಬಿಸಿ ಶಾಖ, ದಿನಕ್ಕೆ ಎರಡು ಸಲ, ಹತ್ತು ನಿಮಿಷ, ಆಮೇಲೆ ಅಂಚಿನ ಕಡೆಗೆ ಮೆಲ್ಲಗೆ ನೀವುವುದು. ಗಟ್ಟಿಯಾದ ಎಣ್ಣೆ ಕರಗಲು ರೆಪ್ಪೆಯ ಹತ್ತಿರ 40 ಡಿಗ್ರಿಯಾದರೂ ಬೇಕು. ಬಿಸಿನೀರಲ್ಲಿ ಹಿಂಡಿದ ಟವೆಲ್ ಎರಡೇ ನಿಮಿಷಕ್ಕೆ ಆರುತ್ತದೆ, ಮಡಿಕೇರಿಯ ಚಳಿಯಲ್ಲಿ ಇನ್ನೂ ಬೇಗ. ಎರಡು ಟವೆಲ್ ಇಟ್ಟುಕೊಂಡು ಬದಲಾಯಿಸುತ್ತಾ ಇರಬೇಕು. ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡದೆ ಕಣ್ಣಿಗೆ ಇಡಬೇಡಿ.

ಬಣ್ಣ ಒಂದೆರಡು ಗಂಟೆ ಉಳಿಯುತ್ತದೆ. ಕಣ್ಣೀರು ಹಳದಿ, ಮೂಗು ಒರೆಸಿದರೆ ಕರವಸ್ತ್ರವೂ ಹಳದಿ. ಹೆದರುವಂಥದ್ದೇನಲ್ಲ, ಬಿಳಿ ಅಂಗಿ ಹಾಕಿ ಹೋಗಬೇಡಿ ಅಷ್ಟೇ. ಆ ದಿನ ಲೆನ್ಸ್ ಬೇಡ, ಮೆತ್ತನೆ ಲೆನ್ಸ್ ಬಣ್ಣ ಹೀರಿಕೊಂಡರೆ ಹೋಗುವುದಿಲ್ಲ. ಪಾಪೆ ಹಿಗ್ಗಿಸಿದ್ದರೆ ಗಾಡಿ ಓಡಿಸಬೇಡಿ.

ಇನ್ನೊಂದು. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಉರಿ ಎರಡೇ ದಿನಕ್ಕೆ ಇಳಿದು ನಂಬಿಕೆ ಹುಟ್ಟಿಸುತ್ತದೆ. ಒಳಗೊಳಗೇ ಕಣ್ಣಿನ ಒತ್ತಡ ಏರಬಹುದು, ಕಾಫಿ ರೆಕ್ಕೆ ಹೊಡೆದ ಕಣ್ಣಿಗೆ ಹಾಕಿದರೆ ಶಿಲೀಂಧ್ರದ ಹುಣ್ಣು ಉಲ್ಬಣಿಸಬಹುದು. ತೀವ್ರ ನೋವು, ದೃಷ್ಟಿ ದಿಢೀರ್ ಮಂಜಾಗುವುದು, ಗುಡ್ಡೆಯ ಮೇಲೆ ಬಿಳಿ ಕಲೆ ಕಂಡರೆ ಅದು ಒಣಗಣ್ಣಿನ ಸಾಲಿನದ್ದಲ್ಲ, ಅದೇ ದಿನ ಹೋಗಬೇಕು.

ಹೊರಡುವ ಮುಂಚೆ ಚೀಟಿಯಲ್ಲಿ ಬರೆಸಿಕೊಂಡದ್ದು: ಮೂರೂ ಅಳತೆಗಳು, ಬಣ್ಣದಲ್ಲೋ ಯಂತ್ರದಲ್ಲೋ, ಎಷ್ಟು ಗಂಟೆಗೆ, ಕೊನೆಯ ಹನಿ ಯಾವಾಗ, ಒಡೆದದ್ದು ಎಲ್ಲಿ. ಬರೆಯಲು ಒಂದು ನಿಮಿಷ ಹಿಡಿಯಿತು. ತಾರೀಖನ್ನು ಅವರೇ ಹಾಕಿದ್ದರು, ಫೆಬ್ರವರಿ. ಅದಕ್ಕೆ ಬೆಲೆ ಇದೆ. ಕಣದಲ್ಲಿ ಕಾಫಿ ಒಣಗುವ ಕಾಲ, ಗಾಳಿ ಒಣ, ಧೂಳು ಬೇರೆ. ಮುಂದಿನ ಪರೀಕ್ಷೆಗೆ ಜುಲೈ ಕೊನೆಗೆ ಬನ್ನಿ ಎಂದರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಲೆಯ ಮೇಲೆ ಕಟ್ಟಿದ ಬಟ್ಟೆಯೇ ಒಣಗುವುದಿಲ್ಲ, ಆಗ 8 ಸೆಕೆಂಡು ಬಂದರೆ ಅದು ಶಾಖದಿಂದಲೋ ಮಳೆಯಿಂದಲೋ ಯಾರಿಗೆ ಗೊತ್ತು? ಏಪ್ರಿಲ್ ಮೊದಲ ವಾರಕ್ಕೆ ಬರೆಸಿಕೊಂಡೆ. ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಕೋಣೆ, ಬಣ್ಣದ ಪಟ್ಟಿಯಲ್ಲೇ.